ಹಾರಿದರೆ ಗರ್ಭಕೋಶ ಜಾರುತ್ತದೆಯೇ? ಸ್ಕೀ ಜಿಗಿತದ ಇತಿಹಾಸ ಏನು ಹೇಳುತ್ತದೆ?

"ಹೆಣ್ಣುಮಕ್ಕಳು ಎಗರಬಾರದು, ಗರ್ಭಕೋಶ ಜಾರುತ್ತೆ." ತೋವಿನಕೆರೆ, ಮಧುಗಿರಿ ಕಡೆಯ ಮನೆಗಳಲ್ಲಿ ಮೈನೆರೆದ ಹುಡುಗಿಯರಿಗೆ ಹೇಳುವ ಮಾತಿದು. ಓಟ, ಖೋಖೋ, ಉದ್ದ ಜಿಗಿತ ಬಿಡುವುದಕ್ಕೆ ಇದೂ ಒಂದು ಕಾರಣ. ಇದು ನಮ್ಮ ಹಳ್ಳಿಗಳ ನಂಬಿಕೆ ಮಾತ್ರವಲ್ಲ. ಹಿಮದ ಬೆಟ್ಟಗಳ ದೇಶಗಳಲ್ಲೂ ಇತ್ತು.

ಸ್ಕೀ ಜಿಗಿತ ಎಂದರೆ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರಿ ಬಂದು ಗಾಳಿಗೆ ಹಾರುವ ಆಟ. ಆಸ್ಟ್ರಿಯಾದ ಬೆಟ್ಟದೂರು ಕಿಟ್ಸ್‌ಬ್ಯುಯೆಲ್‌ನಲ್ಲಿ 1911ರಲ್ಲೇ ಪೌಲಾ ಲಾಂಬರ್ಗ್ ಎಂಬ ಮಹಿಳೆ ಉದ್ದ ಲಂಗದಲ್ಲೇ 22 ಮೀಟರ್ ಹಾರಿದ್ದರು. ಆದರೆ 1924ರಲ್ಲಿ ಶಾಮೊನಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ಶುರುವಾದಾಗ ಈ ಆಟ ಗಂಡಸರಿಗಷ್ಟೇ ಮೀಸಲಾಯಿತು. 2005ರಲ್ಲೂ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಅಂದಿನ ಅಧ್ಯಕ್ಷರು, ವೈದ್ಯಕೀಯವಾಗಿ ಇದು ಹೆಂಗಸರಿಗೆ ಸೂಕ್ತವಲ್ಲ ಎಂಬರ್ಥದ ಮಾತಾಡಿದ್ದರು.

2010ರ ವ್ಯಾಂಕೂವರ್ ಒಲಿಂಪಿಕ್ಸ್‌ನ ಜಿಗಿತಗಳು ನಡೆದದ್ದು ಕೆನಡಾದ ವಿಸ್ಲರ್‌ನಲ್ಲಿ. ಕೂಟಕ್ಕೆ ಮುನ್ನ ಅಲ್ಲಿನ ಚಿಕ್ಕ ಜಿಗಿತಕಟ್ಟೆಯ ದಾಖಲೆ, 105.5 ಮೀಟರ್, ಅಮೆರಿಕದ ಲಿಂಡ್ಸೆ ವ್ಯಾನ್ ಎಂಬ ಮಹಿಳೆಯದು. ಆದರೂ ಅವರಿಗೆ ಸ್ಪರ್ಧಿಸಲು ಅವಕಾಶ ಸಿಗಲಿಲ್ಲ. ಆಟಗಾರ್ತಿಯರ ಸಂಖ್ಯೆ ಸಾಲದು ಎಂಬುದು ಒಲಿಂಪಿಕ್ ಸಮಿತಿಯ ಕಾರಣ. ಇದು ತಾರತಮ್ಯವೇ ಎಂದು ಕೆನಡಾದ ನ್ಯಾಯಾಲಯ 2009ರಲ್ಲಿ ಒಪ್ಪಿತು, ಆದರೆ ಸಮಿತಿಗೆ ಆದೇಶ ಕೊಡುವ ಅಧಿಕಾರ ತನಗಿಲ್ಲ ಎಂದಿತು. ಕೊನೆಗೆ 2014ರಲ್ಲಿ ರಷ್ಯಾದ ಸೋಚಿಯಲ್ಲಿ ಬಾಗಿಲು ತೆರೆಯಿತು. ಮೊದಲ ಚಿನ್ನ ಜರ್ಮನಿಯ ಕರೀನಾ ಫೋಗ್ಟ್ ಪಾಲಾಯಿತು.

ಹಾಗಾದರೆ ನಿಜವೇನು? ಗರ್ಭಕೋಶ ದಾರಕ್ಕೆ ನೇತುಹಾಕಿದ ಚೀಲವಲ್ಲ. ಗಟ್ಟಿಯಾದ ಕಟ್ಟುನಾರುಗಳೂ ಕಿಬ್ಬೊಟ್ಟೆಯ ತಳದ ಸ್ನಾಯುಗಳೂ ಅದನ್ನು ಹಿಡಿದಿರುತ್ತವೆ. ಗರ್ಭಕೋಶ ಜಾರುವುದು ನಿಜವಾದ ಕಾಯಿಲೆಯೇ. ಆದರೆ ಅದಕ್ಕೆ ಮುಖ್ಯ ಕಾರಣ ಹೆರಿಗೆಗಳು, ವಯಸ್ಸು, ಮುಟ್ಟು ನಿಂತ ಮೇಲೆ ಹಾರ್ಮೋನು ಇಳಿಯುವುದು. ಬಹುಕಾಲದ ಕೆಮ್ಮು, ಮಲಬದ್ಧತೆ, ದಿನವೂ ಭಾರ ಹೊರುವುದೂ ಸೇರುತ್ತವೆ. ಆಟವಾಡುವುದರಿಂದ ಹುಡುಗಿಯರಿಗೆ ಮಕ್ಕಳಾಗುವುದಿಲ್ಲ ಎನ್ನುವುದಕ್ಕೆ ಆಧಾರವಿಲ್ಲ. ಜೋರಾಗಿ ಜಿಗಿಯುವ ಕೆಲವು ಆಟಗಾರ್ತಿಯರಿಗೆ ಹನಿ ಮೂತ್ರ ಸೋರುವುದುಂಟು. ಆ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮದಿಂದ ಅದು ಹೆಚ್ಚಿನವರಲ್ಲಿ ಸುಧಾರಿಸುತ್ತದೆ.

ವಿಚಿತ್ರವೆಂದರೆ, ಆಟ ಬೇಡ ಎನ್ನುವ ನಾವೇ ಬಾಣಂತನ ಮುಗಿಯುವ ಮೊದಲೇ ಹೆಣ್ಣುಮಕ್ಕಳಿಂದ ನೀರಿನ ಕೊಡ, ಹುಲ್ಲಿನ ಹೊರೆ ಹೊರಿಸುತ್ತೇವೆ. ಎಚ್ಚರ ಬೇಕಾದದ್ದು ಅಲ್ಲಿ. ಕೆಳಗೆ ಏನೋ ಇಳಿದಂತೆ ಅನಿಸಿದರೆ ನಾಚಿಕೆ ಬಿಟ್ಟು ವೈದ್ಯರನ್ನು ಕಾಣಬೇಕು.

ಹಿಮವೇ ಬೀಳದ ನಮ್ಮ ರಾಜ್ಯದಿಂದಲೂ ಕೊಡಗಿನ ಭವಾನಿ ತೆಕ್ಕಡ ನಂಜುಂಡ ದೂರದ ಸ್ಕೀ ಓಟದಲ್ಲಿ ಭಾರತವನ್ನು ಪ್ರತಿನಿಧಿಸಿದ್ದಾರೆ. ನಿಮ್ಮ ಮಗಳು ಶಾಲೆಯ ಮೈದಾನದಲ್ಲಿ ಉದ್ದ ಜಿಗಿತಕ್ಕೆ ಹೆಸರು ಕೊಟ್ಟರೆ ಬೇಡ ಎನ್ನಬೇಡಿ.