ಆರಿದ ಹಿಂಬದಿ ದೀಪಕ್ಕೆ ಹೊಣೆ ಯಾರು?

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳು ಹೆದ್ದಾರಿಗಳ ನಡುವೆ ಬದುಕುತ್ತಿವೆ. ನೆಲಮಂಗಲದಲ್ಲಿ ತುಮಕೂರು ಮತ್ತು ಹಾಸನದ ದಾರಿಗಳು ಕವಲೊಡೆಯುತ್ತವೆ. ದೇವನಹಳ್ಳಿಯನ್ನು ಹೈದರಾಬಾದ್ ಹೆದ್ದಾರಿ, ಹೊಸಕೋಟೆಯನ್ನು ಕೋಲಾರದ ಹೆದ್ದಾರಿ ಹಾದುಹೋಗುತ್ತವೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೂಲಕ ಸಾಗುವ ರಸ್ತೆ ಇವೆಲ್ಲವನ್ನೂ ಬೆಸೆಯುತ್ತದೆ. ವಿಜಯಪುರದ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ಯುವ ರೈತ, ರಾತ್ರಿ ಪಾಳಿ ಮುಗಿಸಿ ಮರಳುವ ಕಾರ್ಮಿಕ ಚಳಿಗಾಲದ ಮಂಜಿನಲ್ಲಿ ಲಾರಿಗಳ ಮುಂದೆಯೇ ಬೈಕ್ ಓಡಿಸಬೇಕು. ಗಂಟೆಗೆ 80 ಕಿ.ಮೀ. ವೇಗದ ಲಾರಿ ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ಮುಂದೊಂದು ಬೈಕ್ ಇದೆ ಎಂದು ಅದರ ಚಾಲಕನಿಗೆ ತಿಳಿಸುವುದು ಒಂದು ಕೆಂಪು ದೀಪ ಮತ್ತು ಪುಟ್ಟ ರಿಫ್ಲೆಕ್ಟರ್ ಮಾತ್ರ.

ಆ ದೀಪದ ದೋಷ ಕಾರ್ಖಾನೆಯಿಂದಲೇ ಬಂದಿದ್ದರೆ? ಇದು ಕೇವಲ ಊಹೆಯಲ್ಲ. 2023ರ ಡಿಸೆಂಬರ್‌ನಲ್ಲಿ ಹೋಂಡಾ ಕಂಪೆನಿಯು ಹಿಂಬದಿ ಬ್ರೇಕ್ ದೀಪದ ಸ್ವಿಚ್‌ನಲ್ಲಿ ಕಂಡುಬಂದ ದೋಷಕ್ಕಾಗಿ ಸಿಬಿ350 ಸರಣಿಯ ಬೈಕ್‌ಗಳನ್ನು ವಾಪಸ್ ಕರೆಸಿಕೊಂಡಿತು. 2022ರ ನವೆಂಬರ್‌ನಿಂದ 2023ರ ಮಾರ್ಚ್‌ವರೆಗೆ ತಯಾರಾದ ಬೈಕ್‌ಗಳ ರಿಫ್ಲೆಕ್ಟರ್‌ಗಳು ಮಂದ ಬೆಳಕಿನಲ್ಲಿ ಸರಿಯಾಗಿ ಪ್ರತಿಫಲಿಸದೇ ಇರಬಹುದೆಂದು ರಾಯಲ್ ಎನ್‌ಫೀಲ್ಡ್ 2024ರಲ್ಲಿ ಜಗತ್ತಿನಾದ್ಯಂತ ಇಂಥದೇ ಕ್ರಮ ಪ್ರಕಟಿಸಿತು. ದೋಷವನ್ನು ತಾವಾಗಿಯೇ ಒಪ್ಪಿಕೊಂಡ ಕಂಪೆನಿಗಳನ್ನು ದೂರಬೇಕಿಲ್ಲ. ಆದರೆ ಆ ಕರೆ ಹಳ್ಳಿಯ ಸವಾರನವರೆಗೆ ತಲುಪಿತೇ ಎಂಬುದು ಮುಖ್ಯ ಪ್ರಶ್ನೆ.

ನಮ್ಮಲ್ಲಿ 2012ರಿಂದ ಇದ್ದುದು ವಾಹನ ತಯಾರಕರ ಸಂಘದ ಸ್ವಯಂಪ್ರೇರಿತ ಸಂಹಿತೆ ಮಾತ್ರ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 110ಎ ಸೆಕ್ಷನ್, ದೋಷಯುಕ್ತ ವಾಹನಗಳನ್ನು ವಾಪಸ್ ಪಡೆಯುವಂತೆ ಆದೇಶಿಸುವ ಅಧಿಕಾರವನ್ನು ಕೇಂದ್ರಕ್ಕೆ ನೀಡಿತು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ ನಿಗದಿಪಡಿಸಿದವು. ಏಳು ವರ್ಷದೊಳಗಿನ ವಾಹನಗಳಿಗೆ ಮಾತ್ರ ಇವು ಅನ್ವಯ. ಮಾರಾಟದ ಪ್ರಮಾಣಕ್ಕೆ ತಕ್ಕಷ್ಟು ದೂರುಗಳೂ ದಾಖಲಾಗಬೇಕು.

ತೊಡಕು ಇರುವುದು ಇಲ್ಲಿಯೇ. ಎಂಜಿನ್ ಕೆಟ್ಟರೆ ಮಾಲೀಕ ದೂರುತ್ತಾನೆ. ಹಿಂಬದಿ ದೀಪ ಆರಿದರೆ ಆತನಿಗೆ ತಿಳಿಯುವುದೇ ತಡವಾಗಿ. ತಿಳಿದಾಗ ಊರಿನ ಗ್ಯಾರೇಜಿನಲ್ಲಿ ಬಲ್ಬ್ ಬದಲಿಸಿ ಸುಮ್ಮನಾಗುತ್ತಾನೆ. ಆ ದೂರು ಎಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ. ವಾಹನ ಎರಡನೆಯ, ಮೂರನೆಯ ಕೈಗೆ ಹೋಗಿದ್ದರೆ ಕಂಪೆನಿಯ ಸಂದೇಶ ಮೊದಲ ಮಾಲೀಕನ ಫೋನಿನಲ್ಲೇ ಉಳಿಯುತ್ತದೆ. ಬಾಡಿಗೆ ವಾಹನಗಳಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ಸುಸ್ಥಿತಿ ಪರೀಕ್ಷೆ ಉಂಟು. ಆದರೆ ಸ್ವಂತ ಬೈಕ್ ಅಂಥ ಪರೀಕ್ಷೆ ಎದುರಿಸುವುದು 15 ವರ್ಷಗಳ ನಂತರ. ಅಷ್ಟರಲ್ಲಿ ವಾಪಸಾತಿಯ ಗಡುವೇ ಮುಗಿದಿರುತ್ತದೆ.

ಕತ್ತಲಲ್ಲಿ ದೀಪವಿಲ್ಲದೆ ಓಡಾಡುವ ವಾಹನಗಳಿಗೆ ಕಂಪೆನಿಗಳಿಗಿಂತ ಮಾಲೀಕರ ಉದಾಸೀನವೇ ಕಾರಣ ಎಂಬ ವಾದವಿದೆ. ಅದರಲ್ಲಿ ಸತ್ಯವಿಲ್ಲದಿಲ್ಲ, ಹಿಂದೆ ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ಯಾವ ಕಾರ್ಖಾನೆಯನ್ನೂ ದೂರಲಾಗದು. ಆದರೆ ಉದಾಸೀನ ಯಾವುದು, ತಯಾರಿಕೆಯ ದೋಷ ಯಾವುದು ಎಂದು ವಿಂಗಡಿಸುವ ವ್ಯವಸ್ಥೆಯೇ ಇಲ್ಲದಿದ್ದರೆ ಎರಡರ ಭಾರವೂ ಸವಾರನ ತಲೆಗೇ ಬೀಳುತ್ತದೆ. 2022ರಲ್ಲಿ ಟೆಸ್ಲಾ ಅಮೆರಿಕದಲ್ಲಿ 3.2 ಲಕ್ಷಕ್ಕೂ ಹೆಚ್ಚು ಕಾರುಗಳ ಹಿಂಬದಿ ದೀಪದ ದೋಷವನ್ನು ಸಾಫ್ಟ್‌ವೇರ್ ಕಳುಹಿಸಿಯೇ ಸರಿಪಡಿಸಿತು. ನಮ್ಮ ಬೈಕ್‌ಗಳನ್ನು ಸರ್ವೀಸ್ ಕೇಂದ್ರಕ್ಕೇ ಒಯ್ಯಬೇಕು. ಆದ್ದರಿಂದ ಮಾಹಿತಿ ತಲುಪುವುದೇ ಅರ್ಧ ಪರಿಹಾರ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಹಾಲಿ ಮಾಲೀಕನ ವಿವರ ಸರ್ಕಾರದ ‘ವಾಹನ್’ ದತ್ತಾಂಶದಲ್ಲಿದೆ. ಅಲ್ಲಿಂದಲೇ ಕನ್ನಡದಲ್ಲಿ ಸಂದೇಶ ಹೋಗಲಿ. ಹೊಗೆ ತಪಾಸಣೆ ಮತ್ತು ವಿಮೆ ನವೀಕರಣದ ವೇಳೆ ಬಾಕಿ ಇರುವ ವಾಪಸಾತಿ ಕರೆಯನ್ನು ತಿಳಿಸುವುದು ಕಡ್ಡಾಯವಾಗಲಿ. ರಾತ್ರಿ ಅಪಘಾತಗಳ ಮಹಜರಿನಲ್ಲಿ ದೀಪಗಳ ಸ್ಥಿತಿಯೂ ದಾಖಲಾಗಲಿ. ನೆಲಮಂಗಲ ಮತ್ತು ದೇವನಹಳ್ಳಿಯ ಸಾರಿಗೆ ಕಚೇರಿಗಳು ಇದನ್ನು ಪ್ರಾಯೋಗಿಕವಾಗಿ ಆರಂಭಿಸಬಹುದು. ದೋಷವನ್ನು ಕಂಪೆನಿ ಒಪ್ಪಿಕೊಂಡ ಮೇಲೂ ಆ ಮಾಹಿತಿ ತಲುಪದೆ ಸವಾರನೊಬ್ಬ ಸತ್ತರೆ ಅದನ್ನು ಆಕಸ್ಮಿಕ ಎನ್ನಲಾಗದು.