ಕೆರೆಗೆ ಹರಿದ ಯೂರಿಯಾ

ವಿ.ಸಿ. ನಾಲೆಗೆ ನೀರು ಬಂತೆಂದರೆ ಮಂಡ್ಯ ಸೀಮೆಯ ರೈತನಿಗೆ ಎರಡು ಓಟ. ಒಂದು ತೂಬಿನ ಕಡೆಗೆ, ಇನ್ನೊಂದು ಸೊಸೈಟಿ ಕಡೆಗೆ. ಕಟ್ಟು ಪದ್ಧತಿಯ ನೀರು ಇವತ್ತಿದೆ, ನಾಳೆ ಇಲ್ಲ. ಯೂರಿಯಾ ಕಥೆಯೂ ಅಷ್ಟೇ. 2025ರ ಮುಂಗಾರಿನಲ್ಲಿ ರಾಜ್ಯದ ಹಲವೆಡೆ ರೈತರು ಚೀಲಕ್ಕಾಗಿ ಸಾಲುಗಟ್ಟಿ ನಿಂತದ್ದನ್ನು ಯಾರೂ ಮರೆತಿಲ್ಲ. ಸಿಕ್ಕಿದ ದಿನವೇ ಅಷ್ಟನ್ನೂ ಎರಚಿಬಿಡೋಣ ಅನ್ನೋ ಆತುರ ಹುಟ್ಟುವುದು ಇಲ್ಲೇ.

ಎರಚಿದ್ದೆಲ್ಲ ಪೈರಿಗೆ ಹೋಗುತ್ತದೆಯೇ? ಇಲ್ಲ ಸ್ವಾಮಿ. 45 ಕೆ.ಜಿ. ಚೀಲದಲ್ಲಿ ಸಾರಜನಕ ಸುಮಾರು 20 ಕೆ.ಜಿ. ಭತ್ತ ಹೀರುವುದು ಸಾಮಾನ್ಯವಾಗಿ ಅದರಲ್ಲಿ ಅರ್ಧಕ್ಕೂ ಕಡಿಮೆ. ಮಿಕ್ಕಿದ್ದರಲ್ಲಿ ಒಂದಷ್ಟು ಗಾಳಿಗೆ, ಒಂದಷ್ಟು ಬದು ದಾಟಿ ಬಸಿಗಾಲುವೆಗೆ, ಅಲ್ಲಿಂದ ಕೆರೆಗೆ, ಲೋಕಪಾವನಿ, ಶಿಂಷಾದಂಥ ಹೊಳೆಗೆ. ನೆನೆದು ಒಣಗುವ ಕಬ್ಬಿನ ಗದ್ದೆಯಲ್ಲಂತೂ ಅದು ನೈಟ್ರೇಟ್ ಆಗಿ ನೀರಿನ ಜೊತೆಯೇ ಜಾರುತ್ತದೆ. ಕೆರೆಯಲ್ಲಿ ಅಂತರಗಂಗೆ ಕೊಬ್ಬುವುದಕ್ಕೆ ಊರ ಚರಂಡಿಯ ಜೊತೆ ಈ ಗೊಬ್ಬರದ ಪಾಲೂ ಉಂಟು.

ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಬಾರದೆಂಬುದು ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ನೀರಿನಲ್ಲಿ ಹಾಲುಪುಡಿ ಕಲಸಿ ಕುಡಿಸಿದರೆ ಎಳೆಗೂಸಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಗ್ಗಿ ಮೈ ನೀಲಿಗಟ್ಟೀತು. ಕಾಯಿಸಿದರಾಯಿತು ಎನ್ನುವಂತಿಲ್ಲ, ಕಾಯಿಸಿದಷ್ಟೂ ನೀರು ಇಂಗಿ ನೈಟ್ರೇಟ್ ಇನ್ನಷ್ಟು ಗಾಢವಾಗುತ್ತದೆ.

ಹಾಗಂತ ರೈತನ ಮೇಲೆ ಗೂಬೆ ಕೂರಿಸಿ ಕೈ ತೊಳೆದುಕೊಳ್ಳುವ ಜಾಣರನ್ನು ನಾವು ಒಪ್ಪೆವು. ಯೂರಿಯಾ ಬೆಲೆ ಹಿಡಿದಿಟ್ಟು, 2010ರಲ್ಲಿ ಪೊಟ್ಯಾಷ್ ಬೆಲೆಯ ಹಗ್ಗ ಸಡಿಲಿಸಿದ್ದು ಸರ್ಕಾರ. ಅಗ್ಗದ್ದನ್ನು ಹೆಚ್ಚು ಹಾಕುವುದು ಯಾರ ತಪ್ಪು? 2015ರಲ್ಲಿ ಬೇವು ಲೇಪನ ಕಡ್ಡಾಯವಾಯಿತು, ಒಳ್ಳೇದೇ. ಅದು ನೈಟ್ರೇಟ್ ಆಗುವುದನ್ನು ನಿಧಾನ ಮಾಡುತ್ತದೆ. ಒಂದೇ ಸಲಕ್ಕೆ ಸುರಿದರೆ ಬೇವಾದರೂ ಏನು ಮಾಡೀತು!

ಉಪಾಯ ಹೊಸದಲ್ಲ. ಗದ್ದೆ ನೀರು ಬಸಿದು, ಮೇಲುಗೊಬ್ಬರವನ್ನು ಕಂತಿನಲ್ಲಿ ಹಾಕಿ, ಒಂದೆರಡು ದಿನ ಬಿಟ್ಟು ನೀರು ಕಟ್ಟಿ ಬದುವಿನ ಗಂಡಿ ಮುಚ್ಚುವುದು. ಎಲೆ ಬಣ್ಣದ ಪಟ್ಟಿ ಹಿಡಿದು ನೋಡಿ, ಹಸಿರು ಸಾಕಷ್ಟಿದ್ದರೆ ಸದ್ಯಕ್ಕೆ ಗೊಬ್ಬರ ತಡೆಯುವುದು. ಹಸಿರು ಅತಿಯಾದರೆ ಬೆಂಕಿರೋಗಕ್ಕೆ, ಜಿಗಿಹುಳುವಿಗೆ ಹಬ್ಬ ಅನ್ನೋದು ರೈತನಿಗೂ ಗೊತ್ತು. ಆದರೆ ಮುಂದಿನ ಕಟ್ಟಿನ ನೀರು ಬರುತ್ತೋ ಇಲ್ಲವೋ ಎಂಬ ಭಯ ಇರುವ ತನಕ ಇದ್ದ ನೀರನ್ನು ಯಾರು ತಾನೇ ಬಸಿದಾರು?

ಆದ್ದರಿಂದ ನೀರಾವರಿಯವರು ಕಟ್ಟಿನ ದಿನಾಂಕ ಮೊದಲೇ ಸಾರಲಿ. ಅದಕ್ಕೆ ಹೊಂದುವಂತೆ ಸೊಸೈಟಿಗೆ ಚೀಲ ಬರಲಿ. ವಿ.ಸಿ. ಫಾರಂನ ಕೃಷಿ ವಿಜ್ಞಾನಿಗಳು ಒಂದು ಬಸಿಗಾಲುವೆ ಆರಿಸಿಕೊಂಡು, ಅದಕ್ಕೆ ನೀರು ಬಿಡುವ ಅಷ್ಟೂ ಗದ್ದೆಯವರ ಜೊತೆ ಕೂತು ಒಂದು ಬೆಳೆ ಮಾಡಿಸಲಿ. ಮೇಲುಗೊಬ್ಬರಕ್ಕೆ ಮುಂಚೆ ಮತ್ತು ಆಮೇಲೆ ಕಾಲುವೆ ನೀರನ್ನು ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯ್ತಿ ಗೋಡೆಗೆ ಅಂಟಿಸಲಿ. ಇಳುವರಿ ಕುಸಿದರೆ ನಷ್ಟ ಯಾರು ಕಟ್ಟಿಕೊಡ್ತೀರಿ ಅಂತ ರೈತ ಕೇಳಿಯೇ ಕೇಳ್ತಾನೆ. ಜಿಲ್ಲಾಡಳಿತ ಆ ಉತ್ತರವನ್ನು ನಾಟಿಗೆ ಮುಂಚೆಯೇ ಬರಹದಲ್ಲಿ ಕೊಡಲಿ.