ಅಜ್ಜಿಗೊಂದು ಪರದೆ, ಪುಸ್ತಕಕ್ಕೊಂದು ಪರದೆ

ನಮ್ಮ ಮನೆಯಲ್ಲಿ ಶನಿವಾರ ಬೆಳಿಗ್ಗೆ ಹತ್ತೂವರೆಗೆ ಅಜ್ಜಿಯ ಕನ್ನಡ ಪಾಠ. ಜರ್ಮನಿಯ ಚಳಿಗಾಲದ ಹತ್ತೂವರೆ ಅಂದರೆ ತಿಪಟೂರಿನಲ್ಲಿ ಮಧ್ಯಾಹ್ನ ಮೂರು ಗಂಟೆ. ಅಮ್ಮ ಊಟ ಮುಗಿಸಿ, ಒಂದು ಕೋಳಿನಿದ್ದೆ ತೆಗೆದು, ಮುಖ ತೊಳೆದು ಕುಂಕುಮ ಇಟ್ಟುಕೊಂಡು, ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ ಕೂತಿರುತ್ತಾಳೆ. ಇಲ್ಲಿ ನನ್ನ ಏಳು ವರ್ಷದ ಮಗ ಇನ್ನೂ ರಾತ್ರಿಯ ಬಟ್ಟೆಯಲ್ಲೇ ಇರುತ್ತಾನೆ.

ಪಾಠ ಶುರುವಾದದ್ದು ಹುಲಿಯಿಂದ. ಒಂದು ದಿನ ಅಡುಗೆಮನೆಗೆ ಬಂದು, "ಅಮ್ಮಾ, ಇವತ್ತು ಹುಲಿ ಮಾಡ್ತೀಯಾ?" ಅಂದ. ನಾನು ನಕ್ಕೆ. ಇನ್ನೊಂದು ದಿನ ಸ್ನೇಹಿತರ ಮನೆಯಲ್ಲಿ, "ನಮ್ಮಜ್ಜಿ ಹಲ್ಲಿಲಿ ಇದಾರೆ" ಅಂದಾಗ ಎಲ್ಲರೂ ನಕ್ಕರು, ಅವನು ಅವತ್ತು ಪೂರ್ತಿ ಕನ್ನಡ ಮಾತಾಡಲಿಲ್ಲ. ಅವನ ತಪ್ಪೇನೂ ಅಲ್ಲ. ಶಾಲೆಯ ಜರ್ಮನ್‌ನಲ್ಲಿ ಳ ಇಲ್ಲ, ಣ ಇಲ್ಲ. ಕಿವಿಗೆ ಬೀಳದ ಅಕ್ಷರ ನಾಲಿಗೆಗೆ ಎಲ್ಲಿಂದ ಬರಬೇಕು? ಹಳ್ಳಿ ಹಲ್ಲಿಯಾಗುತ್ತದೆ, ಕಾಳು ಕಾಲಾಗುತ್ತದೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಪಟ್ಟಿ ಇರಬಹುದು.

ಹಿಂದಿನ ಸಲ ಊರಿಗೆ ಹೋಗಿದ್ದಾಗ ಅಮ್ಮ ಇದಕ್ಕೆ ಮದ್ದು ಕಂಡುಕೊಂಡಿದ್ದಳು. ಅವನನ್ನು ತೊಡೆಯ ಮೇಲೆ ಎದುರಾಗಿ ಕೂರಿಸಿಕೊಂಡು, ಬಾಯಿ ಅಗಲ ತೆರೆದು, ನಾಲಿಗೆಯ ತುದಿ ಹಿಂದಕ್ಕೆ ಮಡಿಸಿ ಅಂಗಳಕ್ಕೆ ತಾಗಿಸಿ ಬಿಡುವುದನ್ನು ತೋರಿಸಿದ್ದಳು. "ನೋಡೋ, ನಾಲಿಗೆ ಹಿಂದಕ್ಕೆ ಬಗ್ಗುತ್ತೆ. ಳ... ಳ..." ಅವನು ಅಜ್ಜಿಯ ಬಾಯೊಳಗೆ ಇಣುಕಿ ನೋಡಿ, ತಾನೂ ಮಾಡಿ, ಎರಡು ವಾರದಲ್ಲಿ 'ಬಾಳೆಹಣ್ಣು' ಸರಿಯಾಗಿ ಹೇಳುವಷ್ಟಾಗಿದ್ದ. ವಾಪಸು ಬಂದ ಮೇಲೆ ಮತ್ತೆ ಹುಲಿ.

ವಿಡಿಯೋ ಕರೆಯಲ್ಲಿ ಇದೇ ಪಾಠ ಮುಂದುವರಿಸೋಣ ಅಂದುಕೊಂಡೆವು. ಒಂದನೇ ತರಗತಿಯ ಕನ್ನಡ ಪುಸ್ತಕದ ಪಿಡಿಎಫ್ ಇಳಿಸಿಕೊಂಡೆ (ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಗೊತ್ತಿಲ್ಲದವರು ನೋಡಿ). ಲ್ಯಾಪ್‌ಟಾಪ್‌ನಲ್ಲಿ ಪುಟ ತೆರೆದು ಪರದೆ ಹಂಚಿಕೊಂಡೆ. ಪುಟ ತೆರೆ ತುಂಬ ಬಂತು. ಅಜ್ಜಿ ಮೂಲೆಯಲ್ಲಿ ಅಂಚೆಚೀಟಿಯಷ್ಟಾದಳು. ಅಲ್ಲಿ ತಿಪಟೂರಿನ ಫೋನಿನಲ್ಲೂ ಅದೇ ಕತೆ: "ಪುಸ್ತಕ ಇಷ್ಟು ದೊಡ್ಡದು, ಮೊಮ್ಮಗ ಉಗುರಿನಷ್ಟು. ಯಾರಿಗೆ ಪಾಠ ಹೇಳ್ತಿದೀನಿ ಅಂತಾನೇ ಗೊತ್ತಾಗಲ್ಲ ಕಣೇ." ನಾಲಿಗೆ ಹೇಗೆ ಬಗ್ಗುತ್ತದೆ ಅಂತ ಅಂಚೆಚೀಟಿಯಲ್ಲಿ ಕಾಣುವುದುಂಟೇ? ನಾಲ್ಕು ವಾರಗಳಲ್ಲಿ ಅವನು ಅಜ್ಜಿಯ ಕಡೆ ನೋಡುವುದನ್ನೇ ಬಿಟ್ಟ. ಪುಟದಲ್ಲಿದ್ದ ಪದಗಳನ್ನು ಗಿಣಿಪಾಠದಂತೆ ಓದಿ, "ಆಯ್ತಾ?" ಅಂತ ನನ್ನನ್ನು ಕೇಳುತ್ತಿದ್ದ.

ಆಗ ಕಪಾಟಿನಲ್ಲಿ ಬಿದ್ದಿದ್ದ ಹಳೆಯ ಆಂಡ್ರಾಯ್ಡ್ ಟ್ಯಾಬ್ ನೆನಪಾಯಿತು. ಅವನ ಕಾರ್ಟೂನಿನ ಟ್ಯಾಬ್ ಅದು, ಕಡಿವಾಣ ಹಾಕಬೇಕಾಗಿ ಬಂದು ಎತ್ತಿಟ್ಟಿದ್ದೆ. ಅದನ್ನೇ ಲ್ಯಾಪ್‌ಟಾಪಿಗೆ ಎರಡನೇ ಪರದೆಯಾಗಿಸಿದರೆ ಮುಖಕ್ಕೊಂದು, ಪುಟಕ್ಕೊಂದು ಜಾಗ ಆಗುತ್ತದಲ್ಲ ಅನ್ನಿಸಿತು.

ಮಾಡುವುದು ಕಷ್ಟವಲ್ಲ. ನಾನು ಬಳಸಿದ್ದು ಸ್ಪೇಸ್‌ಡೆಸ್ಕ್ ಅನ್ನುವ ತಂತ್ರಾಂಶ, ಮನೆ ಬಳಕೆಗೆ ಉಚಿತ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಅದರ ಡ್ರೈವರ್ ಹಾಕಬೇಕು, ಟ್ಯಾಬಿನಲ್ಲಿ ಅದರ ಆ್ಯಪ್. ಎರಡೂ ಒಂದೇ ವೈಫೈನಲ್ಲಿದ್ದರೆ ಟ್ಯಾಬಿನ ಆ್ಯಪ್ ಲ್ಯಾಪ್‌ಟಾಪಿನ ಹೆಸರು ತೋರಿಸುತ್ತದೆ, ಮುಟ್ಟಿದರೆ ಸಾಕು. ನನ್ನ ಟ್ಯಾಬಿನಲ್ಲಿ ತೋರಿಸಲಿಲ್ಲ! ಅರ್ಧ ಗಂಟೆ ಒದ್ದಾಡಿದ ಮೇಲೆ ಹೊಳೆಯಿತು: ಮಗನ ಟ್ಯಾಬನ್ನು ನಾನೇ ಹಿಂದೊಮ್ಮೆ ಅತಿಥಿಗಳ ವೈಫೈಗೆ ಹಾಕಿದ್ದೆ. ಅತಿಥಿಗಳ ಜಾಲದಲ್ಲಿರುವ ಉಪಕರಣ ಮನೆಯ ಬೇರೆ ಉಪಕರಣಗಳನ್ನು ನೋಡದಂತೆ ರೌಟರೇ ತಡೆಯುತ್ತದೆ, ಅದಕ್ಕೆಂದೇ ಇರುವ ಜಾಲ ಅದು. ಮನೆಯ ವೈಫೈಗೆ ಬದಲಿಸಿದ ಕೂಡಲೇ ಹೆಸರು ಬಂತು. ನಿಮಗೂ ಬರದಿದ್ದರೆ ಮೊದಲು ಇದನ್ನು ನೋಡಿ, ಆಮೇಲೆ ವಿಂಡೋಸ್ ಫೈರ್‌ವಾಲ್ ಕೇಳಿದ ಅನುಮತಿಗೆ 'ಬೇಡ' ಅಂದುಬಿಟ್ಟಿದ್ದೀರಾ ಅಂತ ನೋಡಿ.

ಮ್ಯಾಕ್ ಮತ್ತು ಐಪ್ಯಾಡ್ ಇರುವವರಿಗೆ ಬೇರೇನೂ ಬೇಡ. 2019ರಿಂದ 'ಸೈಡ್‌ಕಾರ್' ಅನ್ನುವ ಸೌಲಭ್ಯ ಒಳಗೇ ಬಂದಿದೆ. ಎರಡರಲ್ಲೂ ಒಂದೇ ಆ್ಯಪಲ್ ಖಾತೆ ಇರಬೇಕು, ವೈಫೈ ಮತ್ತು ಬ್ಲೂಟೂತ್ ಎರಡೂ ಆನ್ ಆಗಿರಬೇಕು, ಹತ್ತು ಮೀಟರಿನೊಳಗೆ ಇರಬೇಕು. ತೀರಾ ಹಳೆಯ ಐಪ್ಯಾಡುಗಳಲ್ಲಿ ಆಗುವುದಿಲ್ಲ. ಮಕ್ಕಳ ಐಪ್ಯಾಡಿಗೆ ಮಕ್ಕಳ ಖಾತೆಯನ್ನೇ ಮಾಡಿಕೊಟ್ಟ ಜಾಣ ತಂದೆತಾಯಿ ಇಲ್ಲಿ ಸಿಕ್ಕಿಬೀಳುತ್ತಾರೆ. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಟ್ಯಾಬ್ ಎಸ್7 ಮತ್ತು ಆಮೇಲಿನ ಎಸ್ ಸಾಲಿನವುಗಳಲ್ಲಿ 'ಸೆಕೆಂಡ್ ಸ್ಕ್ರೀನ್' ಅಂತಲೇ ಒಂದು ಗುಂಡಿ ಇದೆ. ಅದನ್ನು ಒತ್ತಿ, ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀಲಿಯೊಂದಿಗೆ ಕೆ ಒತ್ತಿದರೆ ಟ್ಯಾಬಿನ ಹೆಸರು ಕಾಣುತ್ತದೆ. ಕಚೇರಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಮಾತ್ರ ಈ ಡ್ರೈವರ್ ಹಾಕುವ ಸಾಹಸ ಬೇಡ. ಹೆಚ್ಚಿನ ಕಡೆ ಹಾಕಲು ಬಿಡುವುದೂ ಇಲ್ಲ.

ಮೊದಲ ಶನಿವಾರ ನಾನು ಮಾಡಿದ ತಪ್ಪು ಹೇಳಲೇಬೇಕು. ಟ್ಯಾಬ್ ಸಂಪರ್ಕವಾಯಿತು, ಚಿತ್ರ ಬಂತು, ನಾನು ಹಿಗ್ಗಿದೆ. ಆದರೆ ಅದು ಲ್ಯಾಪ್‌ಟಾಪಿನ ನಕಲನ್ನೇ ತೋರಿಸುತ್ತಿತ್ತು. ಅಂದರೆ ಪರದೆ ಎರಡಾದರೂ ಜಾಗ ಒಂದೇ. ಪಾಠದ ಹೊತ್ತಾಗಿತ್ತು, ಇರಲಿ ಅಂತ ಹಾಗೇ ಪರದೆ ಹಂಚಿಕೊಂಡೆ. ಅಮ್ಮ ಫೋನನ್ನು ಅಡ್ಡ ಹಿಡಿದು, ಕನ್ನಡಕ ಏರಿಸಿ, ಎರಡು ಬೆರಳಿಂದ ಪುಟ ದೊಡ್ಡದು ಮಾಡಿಕೊಂಡು ಓದಿಸುತ್ತಿದ್ದಳು. ಅಷ್ಟರಲ್ಲಿ ಪುಟದ ಮೂಲೆಯಲ್ಲಿ ಅಣ್ಣನ ಸಂದೇಶ ಚಿಮ್ಮಿತು. ಯಾವಾಗಲೂ ಕನ್ನಡದಲ್ಲೇ ಬರೆಯುವ ಅಣ್ಣ.

"ಬರಲ್ಲ ಅಂತ ಅಮ್ಮನಿಗೆ ಹೇಳಿದ್ಯಾ?" ಅಮ್ಮ ಪಾಠದ ಧಾಟಿಯಲ್ಲೇ ಜೋರಾಗಿ ಓದಿಬಿಟ್ಟಳು. ಆಮೇಲೆ, "ಏನೇ ಅದು?" ಅಂದಳು.

ಈ ಬೇಸಿಗೆಗೆ ನಾವು ಊರಿಗೆ ಹೋಗುತ್ತಿಲ್ಲ. ಇವರದು ಹೊಸ ಕೆಲಸ, ಮೂರು ವಾರ ರಜೆ ಕೇಳುವ ಹಾಗಿಲ್ಲ. ಅಮ್ಮನಿಗೆ ಹೇಗೆ ಹೇಳುವುದು ಅಂತ ಹದಿನೈದು ದಿನದಿಂದ ತಳ್ಳಿಕೊಂಡು ಬಂದಿದ್ದೆ. ಹೇಳಿದೆ. ಮೂಲೆಯ ಅಂಚೆಚೀಟಿಯಲ್ಲಿ ಅವಳ ಮುಖ ಏನಾಯಿತೋ ನನಗೆ ಕಾಣಲಿಲ್ಲ. ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ ಕೇಳಿಸಿತು. "ಸರಿ, ಪುಟ ತಿರುಗಿಸು" ಅಂದಳು.

ಅವತ್ತು ರಾತ್ರಿ ಕೂತು ಕಲಿತೆ. ವಿಂಡೋಸ್ ಕೀಲಿ ಹಿಡಿದು ಪಿ ಒತ್ತಿದರೆ ಬಲಗಡೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ 'ಡೂಪ್ಲಿಕೇಟ್' ಅಂದರೆ ನಕಲು, 'ಎಕ್ಸ್‌ಟೆಂಡ್' ಅಂದರೆ ವಿಸ್ತರಣೆ. ನಮಗೆ ಬೇಕಾದದ್ದು ಎಕ್ಸ್‌ಟೆಂಡ್. ಅದನ್ನು ಆರಿಸಿದರೆ ಲ್ಯಾಪ್‌ಟಾಪಿನ ಮೇಜು ಪಕ್ಕಕ್ಕೆ ಉದ್ದವಾದ ಹಾಗೆ. ಮೌಸನ್ನು ಅಂಚಿನಿಂದಾಚೆ ತಳ್ಳಿದರೆ ಬಾಣ ಟ್ಯಾಬಿನಲ್ಲಿ ಕಾಣಿಸಿಕೊಳ್ಳುತ್ತದೆ, ಪುಟವನ್ನು ಎಳೆದುಕೊಂಡು ಹೋಗಿ ಅಲ್ಲಿ ಬಿಡಬಹುದು. ಟ್ಯಾಬ್ ಎಡಗಡೆ ಇದ್ದು ಬಾಣ ಬಲಗಡೆಯಿಂದ ಹೋಗುತ್ತಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಎರಡು ಚೌಕಗಳ ಜಾಗ ಅದಲುಬದಲು ಮಾಡಬೇಕು. ಸಂದೇಶಗಳು ಚಿಮ್ಮುವುದನ್ನೂ ಪಾಠದ ಹೊತ್ತಿಗೆ ಆರಿಸಿಡುತ್ತೇನೆ. ಬುದ್ಧಿ ಬಂದಿದೆ.

ಇನ್ನು ಯಾವುದು ಎಲ್ಲಿ? ನಾನು ಮೊದಲು ಅಜ್ಜಿಯನ್ನು ಟ್ಯಾಬಿಗೆ ಕಳಿಸಿದೆ, ಅವನ ಕೈಗೆ ಹತ್ತಿರ ಇರಲಿ ಅಂತ. ಅದು ತಪ್ಪು. ನಿಸ್ತಂತು ಪರದೆ ಅಂದರೆ ಮಾಯವೇನಲ್ಲ. ಲ್ಯಾಪ್‌ಟಾಪ್ ಆ ಪರದೆಯ ಚಿತ್ರವನ್ನು ಮತ್ತೆ ಮತ್ತೆ ಹಿಡಿದು, ಕುಗ್ಗಿಸಿ, ವೈಫೈ ಮೂಲಕ ಕಳಿಸುತ್ತದೆ, ಟ್ಯಾಬ್ ಅದನ್ನು ಬಿಡಿಸಿ ತೋರಿಸುತ್ತದೆ. ಇಷ್ಟಕ್ಕೆಲ್ಲ ಒಂದು ಚೂರು ತಡ ಆಗಿಯೇ ಆಗುತ್ತದೆ. ನಿಂತ ಪುಟಕ್ಕೆ ಅದು ಲೆಕ್ಕಕ್ಕಿಲ್ಲ. ಆದರೆ ಮಾತಾಡುವ ಮುಖ ಅಲ್ಲಿದ್ದರೆ ದನಿ ಲ್ಯಾಪ್‌ಟಾಪಿನಿಂದ ಮೊದಲು ಬಂದು, ತುಟಿ ಆಮೇಲೆ ಅಲ್ಲಾಡುತ್ತದೆ. ನಾಲಿಗೆ ನೋಡಿ ಅಕ್ಷರ ಕಲಿಯುವ ಮಗುವಿಗೆ ಇದಕ್ಕಿಂತ ಗೊಂದಲ ಬೇಕೇ? ಇನ್ನೊಂದು, ಕ್ಯಾಮೆರಾ ಇರುವುದು ಲ್ಯಾಪ್‌ಟಾಪಿನ ಮೇಲೆ. ಅವನು ಟ್ಯಾಬಿನಲ್ಲಿ ಅಜ್ಜಿಯನ್ನು ನೋಡಿದರೆ ಅಜ್ಜಿಗೆ ಅವನು ಕಿಟಕಿ ನೋಡುತ್ತಿದ್ದ ಹಾಗೆ ಕಾಣುತ್ತಾನೆ. ಹಾಗಾಗಿ ಅಜ್ಜಿ ಲ್ಯಾಪ್‌ಟಾಪಿನಲ್ಲಿ, ಕ್ಯಾಮೆರಾದ ಕೆಳಗೇ, ತೆರೆ ತುಂಬ. ಪುಟ ಟ್ಯಾಬಿನಲ್ಲಿ.

ಈ ಚಿತ್ರ ಓಡಾಡುವುದು ಮನೆಯೊಳಗೇ, ಇಂಟರ್ನೆಟ್ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ತಿಪಟೂರಿನ ಕರೆಯೂ ಅದೇ ವೈಫೈ ದಾರಿಯಲ್ಲಿ ಬರಬೇಕಲ್ಲ, ದಾರಿ ಇಕ್ಕಟ್ಟಾದರೆ ಎರಡೂ ತಡವರಿಸುತ್ತವೆ. ರೌಟರ್ ಇರುವ ಕೋಣೆಯಲ್ಲೇ ಕೂತುಕೊಳ್ಳಿ, 5 ಗಿಗಾಹರ್ಟ್ಸ್ ವೈಫೈ ಇದ್ದರೆ ಅದನ್ನು ಹಿಡಿಯಿರಿ. ಆದರೂ ಎಳೆದಾಡಿದರೆ ಯುಎಸ್‌ಬಿ ತಂತಿ ಹಾಕಿಬಿಡಿ, ನಾಚಿಕೆಯೇನಿಲ್ಲ.

ಮುಂದಿನ ಶನಿವಾರ ನಾನು ಪರದೆ ಹಂಚಲು ಹೋದಾಗ ಅಮ್ಮ ತಡೆದಳು. ಪಕ್ಕದ ಮನೆ ಹುಡುಗಿಯ ಒಂದನೇ ತರಗತಿ ಪುಸ್ತಕ ತಂದಿಟ್ಟುಕೊಂಡಿದ್ದಳು. "ನನ್ನತ್ರಾನೂ ಇದೆ ಪುಸ್ತಕ. ಅದನ್ನೇನು ತೋರಿಸ್ತೀಯಾ, ಅವನ ಮುಖ ತೋರಿಸು." ಅಲ್ಲಿಗೆ ಹಂಚುವ ಗೋಜೇ ಹೋಯಿತು. ಅವಳ ಫೋನಿನಲ್ಲಿ ಮೊಮ್ಮಗ ತೆರೆ ತುಂಬ, ನಮ್ಮಲ್ಲಿ ಅವಳು ತೆರೆ ತುಂಬ, ಪುಟ ಪಕ್ಕದಲ್ಲಿ ಅದರ ಪಾಡಿಗೆ. ನನಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು.

ಹಾಗಾದರೆ ಟ್ಯಾಬಿನಲ್ಲೇ ಪಿಡಿಎಫ್ ತೆರೆದು ಕೈಗೆ ಕೊಟ್ಟರಾಯಿತಲ್ಲ, ಇಷ್ಟೆಲ್ಲ ಯಾಕೆ ಅಂತ ನೀವು ಕೇಳಬಹುದು. ಬರೀ ಪುಟ ಓದಿಸುವುದಿದ್ದರೆ ಅಷ್ಟೇ ಸಾಕು, ನಿಜ. ನಾನೂ ಒಂದು ವಾರ ಮಾಡಿ ನೋಡಿದೆ. ಮೂರನೇ ನಿಮಿಷಕ್ಕೆ ಪುಟ ಮುಂದೆ ಓಡಿತ್ತು, ಐದನೇ ನಿಮಿಷಕ್ಕೆ ಕಾರ್ಟೂನ್ ಬಂದಿತ್ತು. ಎರಡನೇ ಪರದೆಯಾದಾಗ ಅದು ಅವನ ಟ್ಯಾಬ್ ಅಲ್ಲ. ಅವನು ಮೊದಲು ಇದಕ್ಕೆ ಮುಖ ಊದಿಸಿಕೊಂಡಿದ್ದ, "ನನ್ ಟ್ಯಾಬ್ ಯಾಕೆ ಲ್ಯಾಪ್‌ಟಾಪ್ ಆಗಿದೆ?" ಅಂತ.

ಆದರೆ ನನಗೆ ಅದರಿಂದ ಸಿಕ್ಕಿದ ದೊಡ್ಡ ಲಾಭ ಬೇರೆ. ಅಮ್ಮ ಪುಸ್ತಕದಲ್ಲಿ ಬಹಳ ಹೊತ್ತು ನಿಲ್ಲುವವಳಲ್ಲ. ಎರಡು ಸಾಲಿಗೆ ತೋಟ, ತೋಟದಿಂದ ತೆಂಗಿನ ಗರಿ, ಅಲ್ಲಿಂದ ಕೊಬ್ಬರಿಯ ರೇಟು. ಅವಳ ಬಾಯಲ್ಲಿ ಹೊಸ ಪದ ಬಂದ ಕೂಡಲೇ ನಾನು ಲ್ಯಾಪ್‌ಟಾಪಿನ ಕೀಲಿಮಣೆಯಲ್ಲಿ ಅದನ್ನು ಟೈಪ್ ಮಾಡುತ್ತೇನೆ. ಟ್ಯಾಬಿನಲ್ಲಿ ಖಾಲಿ ಹಾಳೆಯ ಮೇಲೆ ಅದು ಅಂಗೈ ಅಗಲದ ಅಕ್ಷರಗಳಲ್ಲಿ ಮೂಡುತ್ತದೆ. ಗರಿ. ಹೊಂಬಾಳೆ. ಎಳನೀರು. ಕಿವಿ ಅಜ್ಜಿಯ ಕಡೆ, ಕಣ್ಣು ಒಮ್ಮೆ ಅವಳ ಬಾಯಿಗೆ, ಒಮ್ಮೆ ಅಕ್ಷರಕ್ಕೆ. ಪಾಠ ಮುಗಿದ ಮೇಲೆ ಆ ಹಾಳೆಯನ್ನು ಮುದ್ರಿಸಿ ಫ್ರಿಜ್ಜಿಗೆ ಅಂಟಿಸುತ್ತೇನೆ. ನುಡಿ ಕೀಲಿಮಣೆಯಲ್ಲಿ ಬರೀ ಎಲ್ ಒತ್ತಿದರೆ ಲ, ಶಿಫ್ಟ್ ಹಿಡಿದು ಒತ್ತಿದರೆ ಳ. ಇದನ್ನು ಅವನು ಯಾವಾಗ ಗಮನಿಸಿದನೋ! ಮೊನ್ನೆ ಊಟಕ್ಕೆ ಕೂತು, "ಅಮ್ಮಾ, ಹುಲಿ... ಅಲ್ಲ ಅಲ್ಲ, ದೊಡ್ಡ ಎಲ್" ಅಂದ. ಆಮೇಲೆ ನಾಲಿಗೆ ಹಿಂದಕ್ಕೆ ಮಡಿಸಿ, ಕಣ್ಣು ಮುಚ್ಚಿ, ನಿಧಾನವಾಗಿ "ಹುಳಿ" ಅಂದ. ಬಡಿಸಿದೆ.

ಎಲ್ಲ ಸರಿಹೋಯಿತು ಅಂತಲ್ಲ. ಣ ಇನ್ನೂ ಬಂದಿಲ್ಲ. ಅದನ್ನು ತೋರಿಸಲು ಅಮ್ಮ ಕಳೆದ ವಾರ ಫೋನನ್ನು ಎಷ್ಟು ಹತ್ತಿರ ತಂದಳೆಂದರೆ ನಮ್ಮ ಹದಿನೈದು ಇಂಚಿನ ಪರದೆಯ ತುಂಬ ಅವಳ ಕಟ್ಟಿಸಿದ ಹಲ್ಲು ಮಾತ್ರ ಕಂಡಿತು. "ಅಜ್ಜಿ, ಇನ್ನೂ ಸ್ವಲ್ಪ ಹಿಂದೆ ಹೋಗು, ನಿನ್ ಕಣ್ಣೂ ಕಾಣ್ಬೇಕು" ಅಂದ ಇವನು.

ಮಾರ್ಚ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಇಲ್ಲಿನ ಹತ್ತೂವರೆ ಅಲ್ಲಿ ಎರಡು ಗಂಟೆಗೇ ಬಂದುಬಿಡುತ್ತದೆ, ಅಮ್ಮನ ನಿದ್ದೆಯ ಹೊತ್ತು. ಹನ್ನೊಂದೂವರೆಗೆ ಇಟ್ಟುಕೊಳ್ಳೋಣವಾ ಅಂತ ಕೇಳಿದೆ. "ಬೇಡ, ಎರಡಕ್ಕೇ ಬನ್ನಿ. ನಿದ್ದೆ ಏನು, ದಿನಾ ಇದ್ದದ್ದೇ" ಅಂದಳು.